ಮುದ್ದೆಯ ಪಕ್ಕದ ಬಸ್ಸಾರು: ದಿನದ ಊಟ ಯಾವ ರೋಗವನ್ನು ಎಷ್ಟು ತಡೆದೀತು

'ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ' ಎಂಬ ಗಾದೆಯನ್ನು ಮಂಡ್ಯ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಮೈಕಸುವಿನ ಮಾತು. ರಾಗಿಹಿಟ್ಟು ಉಂಡವನು ಹೊತ್ತು ಮುಳುಗುವವರೆಗೆ ಗೇಯಬಲ್ಲ ಎಂಬ ಅನುಭವದ ಮಾತು. ಈಚಿನ ವರ್ಷಗಳಲ್ಲಿ ಮಾತ್ರ ಅದೇ ಗಾದೆ ಸಕ್ಕರೆ ಕಾಯಿಲೆಯ ಮದ್ದಿನ ಜಾಹೀರಾತಿನಂತೆ ಓಡಾಡುತ್ತಿದೆ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಕ್ಕರೆ ಇಳಿಯುತ್ತದೆ, ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ರಕ್ತ ಹೆಚ್ಚುತ್ತದೆ, ಬೆಳಿಗ್ಗೆ ಇಂಥದ್ದೊಂದು ಕಷಾಯ ಕುಡಿದರೆ ಹೃದಯಕ್ಕೆ ಭಯವಿಲ್ಲ ಎನ್ನುವ ಸಲಹೆಗಳು ಮೈಸೂರಿನ ವಾಕಿಂಗ್ ಪಾರ್ಕುಗಳಿಂದ ಹಿಡಿದು ಮದ್ದೂರಿನ ಬಸ್ ನಿಲ್ದಾಣದವರೆಗೆ ಧಾರಾಳವಾಗಿ ಸಿಗುತ್ತವೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಬಿಡಿ ಪದಾರ್ಥವೊಂದನ್ನು ಎತ್ತಿ ಹಿಡಿದು ಹೊಗಳುವುದರಲ್ಲಿಯೇ ದೋಷವಿದೆ ಎಂಬುದು ಈ ಲೇಖನದ ವಾದ. ಈ ಸೀಮೆಯ ಹಳೆಯ ಊಟ ದೇಹಕ್ಕೆ ಒಳಿತು ಮಾಡಿದ್ದರೆ ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಮುದ್ದೆಗಿಂತ ಅದರ ಪಕ್ಕದಲ್ಲಿದ್ದ ಸೊಪ್ಪು, ಕಾಳುಗಳಿಗೆ ಸಲ್ಲಬೇಕು.

ಮೊದಲು 'ತಡೆಯುವುದು' ಎಂದರೆ ಏನೆಂದು ಸ್ಪಷ್ಟ ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ, ಆದರೆ ಇನ್ನೂ ಕಾಯಿಲೆ ಬಂದಿರದ 531 ಭಾರತೀಯರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಊಟದಲ್ಲಿ ಬದಲಾವಣೆ, ನಡಿಗೆ ಯಾವುದನ್ನೂ ಹೇಳಿಕೊಡದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಎರಡನ್ನೂ ಪಾಲಿಸಿದ ಗುಂಪಿನಲ್ಲಿ ನೂರಕ್ಕೆ 39 ಜನರಿಗೆ ಬಂತು. ಒಂದೂ ಮಾತ್ರೆಯಿಲ್ಲದೆ ಇಷ್ಟು ಜನರು ಪಾರಾದದ್ದು ದೊಡ್ಡ ವಿಷಯವೇ. ಆದರೆ ಎಲ್ಲವನ್ನೂ ಸರಿಯಾಗಿ ಮಾಡಿದವರಲ್ಲಿಯೂ 39 ಜನರನ್ನು ಕಾಯಿಲೆ ಬಿಡಲಿಲ್ಲ. ಆಹಾರ ಮಾಡುವುದು ಇಷ್ಟನ್ನು: ಅಪಾಯದ ಪ್ರಮಾಣವನ್ನು ಇಳಿಸುತ್ತದೆ, ಕಾಯಿಲೆ ಬರುವ ಕಾಲವನ್ನು ಮುಂದೂಡುತ್ತದೆ. ವಂಶದ ಗುಣ, ವಯಸ್ಸು, ಹೊಗೆಸೊಪ್ಪು, ನಿದ್ದೆ, ದುಡಿಮೆ ಇವೆಲ್ಲ ತಮ್ಮ ಪಾಲನ್ನು ಕೇಳುತ್ತಲೇ ಇರುತ್ತವೆ. 'ಇದನ್ನು ತಿಂದರೆ ಕ್ಯಾನ್ಸರ್ ಬರುವುದೇ ಇಲ್ಲ' ಎಂದು ಯಾರಾದರೂ ಹೇಳಿದರೆ ಅವರು ಮಾರಲು ಏನನ್ನೋ ಇಟ್ಟುಕೊಂಡಿದ್ದಾರೆ ಎಂದು ತಿಳಿಯಬಹುದು.

ಹಾಗೆಂದು ಆಹಾರದ ಪಾಲು ಸಣ್ಣದಲ್ಲ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯು ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟು ಅನಾರೋಗ್ಯಕರ ಆಹಾರಕ್ಕೆ ಸಂಬಂಧಿಸಿದ್ದೆಂದು ಅಂದಾಜು ಮಾಡಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ, ಶೇ. 15.3ರಷ್ಟು ಜನರಿಗೆ ಅದರ ಮುನ್ಸೂಚನೆ, ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇದೆ.

ಮಂಡ್ಯದ ತಟ್ಟೆ ಬದಲಾದ ಕಥೆಗೆ ಒಂದು ನಾಲೆಯ ಹಿನ್ನೆಲೆಯಿದೆ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ, ಈಗಿನ ಹೆಸರಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಮೂಲಕ, ಹರಿಯುವ ಮೊದಲು ಇದು ಬಹುಮಟ್ಟಿಗೆ ರಾಗಿ, ಹುರುಳಿ, ಅವರೆಗಳ ಬೆದ್ದಲು ನಾಡಾಗಿತ್ತು. ನೀರು ಬಂದಲ್ಲಿ ಭತ್ತವೂ ಕಬ್ಬೂ ಬಂದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಹಬ್ಬಕ್ಕೆ ಮಾತ್ರ ಬೇಯುತ್ತಿದ್ದ ನೆಲ್ಲಕ್ಕಿ ಅನ್ನ ದಿನದ ಊಟವಾಯಿತು, ರಾಗಿ ನಾಗಮಂಗಲದಂಥ ಮಳೆಯಾಶ್ರಿತ ಕಡೆಗಳಿಗೆ ಸರಿಯಿತು. ಅದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದರಿಂದ ಬೆಳೆಯು ಅಳಿಯದೆ ಉಳಿಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ನೀರಾವರಿ ಹಸಿವನ್ನು ನೀಗಿತು, ಅದನ್ನು ದೂರುವ ಮಾತೇ ಇಲ್ಲ. ಆದರೆ ತಟ್ಟೆಯಲ್ಲಿ ಪಿಷ್ಟ ಮತ್ತು ಸಕ್ಕರೆಯ ಪಾಲು ಬೆಳೆದದ್ದೂ, ಮೈ ಬಗ್ಗಿಸುವ ದುಡಿಮೆ ಕಡಿಮೆಯಾದದ್ದೂ ಒಂದೆರಡು ತಲೆಮಾರುಗಳ ಅಂತರದಲ್ಲಿಯೇ ನಡೆದುಹೋಯಿತು.

ಈಗ ರಾಗಿಯ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು, 7 ಗ್ರಾಂ ಪ್ರೋಟೀನ್ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂಗಿಂತ ಕಡಿಮೆ. ಪ್ರೋಟೀನಿನಲ್ಲಿ ಮಾತ್ರ ಅಕ್ಕಿಯೇ ತುಸು ಮುಂದೆ. ಮೂಳೆಗೂ ಕರುಳಿಗೂ ರಾಗಿ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ 65 ಗ್ರಾಂಗೂ ಮೀರಿ ಪಿಷ್ಟ ಮೊದಲಾದ ಕಾರ್ಬೋಹೈಡ್ರೇಟ್ ಇದೆ, 320 ಕ್ಯಾಲೊರಿ ಇದೆ. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟು ಹಿಟ್ಟು ಹಿಡಿಯುತ್ತದೆ. ನುಣ್ಣಗೆ ಬೀಸಿದ ಹಿಟ್ಟು ಕುದಿಯುವ ಎಸರಿನಲ್ಲಿ ಬೆಂದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಜೀರ್ಣರಸಕ್ಕೆ ಸುಲಭವಾಗಿ ಸಿಕ್ಕುತ್ತವೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ಎರಡು ಮುದ್ದೆ ಉಂಡು ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಏರಿರುವುದು ಸಹಜ. ಹಿಟ್ಟನ್ನು ಒಂದರಿ ಹಿಡಿದು ತವುಡು ತೆಗೆದರೆ ನಾರಿನ ಜೊತೆಗೆ ಕಾಳಿನ ಹೊರಪದರದಲ್ಲಿರುವ ಪಾಲಿಫಿನಾಲ್‌ಗಳೂ ಹೋಗುತ್ತವೆ. ತೆಳ್ಳಗಿನ ರಾಗಿ ಗಂಜಿಗೆ ಸಕ್ಕರೆ ಬೆರೆಸಿ 'ಮಾಲ್ಟ್' ಎಂದು ಕುಡಿಯುವವರಿಗೆ ರಾಗಿಯ ಹೆಸರಷ್ಟೇ ಲಾಭ. ಅಗಿಯುವ ಕೆಲಸವಿಲ್ಲದ್ದು ಬೇಗ ಹೊಟ್ಟೆಯಿಂದ ಇಳಿಯುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ.

ಮುದ್ದೆಯ ಓಟಕ್ಕೆ ಕಡಿವಾಣ ಹಾಕುವುದು ಅದರ ಜೊತೆಗಾರ. ಬಸ್ಸಾರು ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಹುರುಳಿಯೋ ಅಲಸಂದೆಯೋ ಹೆಸರುಕಾಳೋ ಅರೆಬೆಂದ ಮೇಲೆ ದಂಟು, ಕೀರೆ, ಅಣ್ಣೆ, ಹೊನಗೊನ್ನೆ ಹೀಗೆ ಸಿಕ್ಕ ಬೆರಕೆ ಸೊಪ್ಪನ್ನು ಹಾಕಿ ಬೇಯಿಸುತ್ತಾರೆ. ಬೆಂದದ್ದನ್ನು ಬಸಿದು ನೀರನ್ನು ಬೇರೆ ಪಾತ್ರೆಗೆ ತೆಗೆದಿಡುತ್ತಾರೆ. ಬೆಂದ ಸೊಪ್ಪು-ಕಾಳಿನಲ್ಲಿ ಒಂದು ಹಿಡಿಯನ್ನು ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಕಾಯಿತುರಿಯೊಂದಿಗೆ ರುಬ್ಬಿ ಬಸಿದ ನೀರಿಗೆ ಕೂಡಿಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪನ್ನು ನೀರಿನಲ್ಲಿ ಬೇಯಿಸಿದಾಗ ಪೊಟ್ಯಾಸಿಯಂ, ಮೆಗ್ನೀಸಿಯಂ, ಫೋಲೇಟ್ ಮೊದಲಾದ ನೀರಿನಲ್ಲಿ ಕರಗುವ ಅಂಶಗಳ ಗಣನೀಯ ಭಾಗ ನೀರಿಗಿಳಿಯುತ್ತದೆ. ಆ ನೀರನ್ನು ಬಚ್ಚಲಿಗೆ ಚೆಲ್ಲದೆ ಅದನ್ನೇ ಸಾರು ಮಾಡುವ ಈ ಅಡುಗೆಯಲ್ಲಿ ಶಾಖಕ್ಕೆ ನಾಶವಾದದ್ದನ್ನು ಬಿಟ್ಟರೆ ಬೇರೇನೂ ಕೈತಪ್ಪುವುದಿಲ್ಲ. ಶಾಖಕ್ಕೆ ಹೆಚ್ಚು ಬಲಿಯಾಗುವುದು ಸಿ ಜೀವಸತ್ವ. ಅದನ್ನು ನಿಂಬೆ, ನೆಲ್ಲಿ, ಸೀಬೆಯಿಂದ ತುಂಬಿಕೊಳ್ಳಬೇಕು.

ಕಾಳು-ಸೊಪ್ಪಿನ ನಾರು ದೇಹದಲ್ಲಿ ಮಾಡುವ ಕೆಲಸ ಮೂರು ಬಗೆಯದು. ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಹರಡಿಕೊಂಡು ಗ್ಲೂಕೋಸ್ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಮುದ್ದೆಯನ್ನು ಒಣ ಚಟ್ನಿಯೊಂದಿಗೆ ಉಂಡದ್ದಕ್ಕೂ ಒಂದು ಬಟ್ಟಲು ಕಾಳುಪಲ್ಯದೊಂದಿಗೆ ಉಂಡದ್ದಕ್ಕೂ ವ್ಯತ್ಯಾಸ ಇಲ್ಲಿದೆ. ಅದೇ ಲೋಳೆ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ, ಹೀಗಾಗಿ ಕೊಲೆಸ್ಟರಾಲ್ ತುಸು ಇಳಿಯುತ್ತದೆ. ಮೂರನೆಯದು ದೊಡ್ಡ ಕರುಳಿನಲ್ಲಿ: ನಮ್ಮಿಂದ ಜೀರ್ಣವಾಗದ ನಾರನ್ನು ಅಲ್ಲಿನ ಸೂಕ್ಷ್ಮಜೀವಿಗಳು ಹುಳಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ, ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಇಡಿಧಾನ್ಯ ಮತ್ತು ನಾರನ್ನು ಹೆಚ್ಚು ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಭಾವಿಸಲಾಗಿದೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ-ಹಣ್ಣು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಇಡ್ಲಿಗೆ ಒಂದು ಸೌಟು ತೆಳು ಸಾಂಬಾರು, ಮಧ್ಯಾಹ್ನ ಅನ್ನ-ತಿಳಿಸಾರು-ಹಪ್ಪಳ, ರಾತ್ರಿ ಮತ್ತೆ ಅನ್ನ ಎನ್ನುವ ಪಟ್ಟಣದ ದಿನಚರಿಯಲ್ಲಿ ಇದರ ಅರ್ಧವೂ ಕೂಡಿಬರುವುದಿಲ್ಲ. ಧಾನ್ಯದಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯಲ್ಲಿ ಶೇ. 45ನ್ನು ಮೀರಬಾರದೆಂದು ಮೇಲೆ ಹೇಳಿದ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಮುದ್ದೆ ಚಿಕ್ಕದಾಗಬೇಕು, ಪಲ್ಯದ ಬಟ್ಟಲು ದೊಡ್ಡದಾಗಬೇಕು. ಅನ್ನವೇ ಬೇಕೆನ್ನುವವರಿಗೂ ಇದೇ ಮಾತು. ಅನ್ನ ಉಣ್ಣುವವರು ಅಪರಾಧ ಮಾಡುತ್ತಿದ್ದೇವೆಂದು ಭಾವಿಸಬೇಕಾಗಿಲ್ಲ.

ಕಬ್ಬಿಣಾಂಶದ ವಿಷಯವನ್ನೂ ಇಲ್ಲಿಯೇ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿಗಳಲ್ಲಿ ಕಬ್ಬಿಣ ಇದ್ದರೂ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುದುಗು ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಊಟದಲ್ಲಿ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವುದು ಕಾಫಿ, ಟೀ. ಮೈಸೂರಿನಲ್ಲಿ ತಿಂಡಿಯ ತಟ್ಟೆ ತೆಗೆಯುವ ಮೊದಲೇ ಕಾಫಿಯ ಲೋಟ ಬಂದಿರುತ್ತದೆ. ಊಟದ ಜೊತೆ ಕುಡಿದ ಟೀ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಬಲ್ಲದು, ಕಾಫಿ ಅದಕ್ಕಿಂತ ಸ್ವಲ್ಪ ಕಡಿಮೆ. ಒಂದು ಗಂಟೆ ತಡೆದು ಕುಡಿದರೆ ಈ ತೊಂದರೆ ಒಂದಷ್ಟು ತಗ್ಗಬಹುದು, ಖರ್ಚೂ ಇಲ್ಲ. ಆದರೆ ಕಾಫಿಯ ಅಭ್ಯಾಸ ಇರುವವರಿಗೆ ಆ ಒಂದು ಗಂಟೆಯೇ ಕಷ್ಟ ಎಂಬುದನ್ನು ಒಪ್ಪಬೇಕು.

ಸೊಪ್ಪುಸಾರನ್ನು ಇಷ್ಟು ಹೊಗಳಿದ ಮೇಲೆ ಅದರ ದೋಷವನ್ನು ಮುಚ್ಚಿಡುವಂತಿಲ್ಲ. ಸಾರು ಉಪ್ಪನ್ನು ಹೊತ್ತು ತರುತ್ತದೆ. ಸಪ್ಪೆ ಮುದ್ದೆ ಇಳಿಯಬೇಕಾದರೆ ಸಾರು ಚುರುಕಾಗಿರಬೇಕು. ಉಪ್ಸಾರಿಗಂತೂ ಜೊತೆಗೆ ಉಪ್ಪು ಹಾಕಿ ಅರೆದ ಖಾರ ಬೇರೆ. ಉಪ್ಪಿನಲ್ಲಿರುವ ಸೋಡಿಯಂ ರಕ್ತದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳದ ಒಳಗಿನ ಒತ್ತಡ ಏರುತ್ತದೆ. ವರ್ಷಗಟ್ಟಲೆ ಏರಿದ ಒತ್ತಡಕ್ಕೆ ನಾಳಗಳು ಬಿರುಸಾಗಿ ಮಿದುಳು, ಹೃದಯ, ಕಿಡ್ನಿ ಮೂರಕ್ಕೂ ಪೆಟ್ಟು ಬೀಳುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ ಸರಾಸರಿ ಬಳಕೆ ಅದರ ಎರಡು ಪಟ್ಟಿಗೂ ಹೆಚ್ಚು. ತಮ್ಮ ಮನೆಯ ಲೆಕ್ಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಂದು ತಿಂಗಳಿಗೆ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತು; ಮಿತಿಯೊಳಗೆ ಇರಬೇಕಾದರೆ ಅದೇ ಪ್ಯಾಕೆಟ್ ಐವತ್ತು ದಿನ ಬರಬೇಕು. ಅಂಗಡಿಯಿಂದ ಬರುವ ಉಪ್ಪಿನಕಾಯಿ, ಖಾರದ ಮಿಕ್ಸ್ಚರ್, ಬಿಸ್ಕತ್ತು, ಹೋಟೆಲಿನ ಚಟ್ನಿ ಈ ಲೆಕ್ಕಕ್ಕೆ ಸೇರಿಲ್ಲ. 'ಉಪ್ಪಿಗಿಂತ ರುಚಿಯಿಲ್ಲ' ಎನ್ನುವ ನಾಡಿನಲ್ಲಿ ಇದನ್ನು ಒಂದೇ ದಿನದಲ್ಲಿ ಕಡಿತ ಮಾಡಿದರೆ ಮನೆಯಲ್ಲಿ ಜಗಳವಾಗುತ್ತದೆ. ವಾರ ವಾರಕ್ಕೆ ಚಿಟಿಕೆಯಷ್ಟು ಇಳಿಸುತ್ತ ಬಂದರೆ ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ, ಹುಣಸೆ, ನಿಂಬೆ, ಮೆಣಸು, ಬೆಳ್ಳುಳ್ಳಿ ಆ ಕೊರತೆಯನ್ನು ಮರೆಸುತ್ತವೆ.

ಉಪ್ಪಿನ ವಿಷಯದಲ್ಲಿ ಆಧಾರಗಳೂ ಗಟ್ಟಿ. 1997ರಲ್ಲಿ ಪ್ರಕಟವಾದ ಅಮೆರಿಕದ 'ಡ್ಯಾಶ್' ಪ್ರಯೋಗದಲ್ಲಿ ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು-ಮೊಸರುಗಳ ಊಟ ಮಾಡಿದ ರಕ್ತದೊತ್ತಡದ ರೋಗಿಗಳಲ್ಲಿ ಮೇಲಿನ ಅಂಕಿ ಸರಾಸರಿ 11 ಅಂಶದಷ್ಟು ಇಳಿಯಿತು, ಅಲ್ಲಿ ಉಪ್ಪನ್ನು ಇಳಿಸಿರಲೇ ಇಲ್ಲ. ಮುಂದಿನ ಪ್ರಯೋಗದಲ್ಲಿ ಉಪ್ಪನ್ನೂ ಇಳಿಸಿದಾಗ ಇನ್ನೂ ಕಡಿಮೆಯಾಯಿತು. ಚೀನಾದ ಸುಮಾರು 600 ಹಳ್ಳಿಗಳಲ್ಲಿ ಸಾಮಾನ್ಯ ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡಿನಿಂದ ಬದಲಿಸಿ ಐದು ವರ್ಷ ನೋಡಿದಾಗ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆ ಕಂಡಿತೆಂದು 2021ರಲ್ಲಿ ವರದಿಯಾಯಿತು. ಸೊಪ್ಪು, ಬಾಳೆಹಣ್ಣು, ಮದ್ದೂರಿನ ಎಳನೀರು ಇವುಗಳಲ್ಲಿರುವ ಪೊಟ್ಯಾಸಿಯಂ ಸೋಡಿಯಂಗೆ ಎದುರು ತೂಕ. ಕಿಡ್ನಿಗೆ ಅದು ಸೋಡಿಯಂ ಹೊರಹಾಕಲು ನೆರವಾಗುತ್ತದೆ.

ಬೆಲ್ಲದ ವಿಷಯವನ್ನು ಬೇಗ ಮುಗಿಸಬಹುದು. ಆಲೆಮನೆಯ ಕೊಪ್ಪರಿಗೆಯಲ್ಲಿ ಇಂಗುವ ಕಬ್ಬಿನ ಹಾಲಿನಲ್ಲಿ ಒಂದಷ್ಟು ಖನಿಜಾಂಶ ಉಳಿಯುತ್ತದೆ ನಿಜ, ಆದರೆ ಅಚ್ಚಿನಲ್ಲಿ ಗಟ್ಟಿಯಾಗುವ ವಸ್ತುವಿನ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ. ರಕ್ತದ ಗ್ಲೂಕೋಸಿಗೆ ಎರಡರ ನಡುವೆ ಭೇದ ತಿಳಿಯುವುದಿಲ್ಲ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಹೊರಗಿನಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನು ಎಲ್ಲ ಕೂಡಿ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಕಾಫಿ ಕುಡಿದರೆ 40 ಗ್ರಾಂ ಅಲ್ಲಿಯೇ ಆಯಿತು. ದಸರಾದಲ್ಲಿ ತಿಂದ ಒಂದು ತುಂಡು ಮೈಸೂರು ಪಾಕಿಗೆ ಬೈಸಿಕೊಳ್ಳುವ ಹಿರಿಯರನ್ನು ಕಂಡರೆ ನನಗೆ ಮರುಕವಾಗುತ್ತದೆ. ವರ್ಷಪೂರ್ತಿ ಸದ್ದಿಲ್ಲದೆ ಒಳಗೆ ಹೋಗುವುದು ಕಾಫಿಯ ಸಕ್ಕರೆ.

ಎಣ್ಣೆಯಲ್ಲಿ ಜಾತಿಗಿಂತ ಪ್ರಮಾಣವೂ ಕಾಯಿಸುವ ಕ್ರಮವೂ ಮುಖ್ಯ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಸಾರಿಗೆ ರುಬ್ಬುವ ಒಂದು ಹಿಡಿ ಕಾಯಿತುರಿಯ ಬಗ್ಗೆ ಇಷ್ಟು ಹೆದರಬೇಕಾಗಿಲ್ಲ, ಅದರಲ್ಲಿ ನಾರೂ ಇದೆ. ವನಸ್ಪತಿಯಂಥ ಕೊಬ್ಬಿನಲ್ಲಿದ್ದ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ. 2ರ ಮಿತಿ ಬಂದಿದೆ. ಆದರೆ ಬಾಣಲೆಯಲ್ಲಿ ದಿನವಿಡೀ ಕಾಯುತ್ತ ಕಪ್ಪಾದ ಎಣ್ಣೆಯಲ್ಲಿ ಕರಿದ ವಡೆ, ಬೋಂಡಗಳಿಗೆ ಅಂಥ ಭರವಸೆಯಿಲ್ಲ. ಮದ್ದೂರು ವಡೆಯನ್ನು ರೈಲಿನಲ್ಲಿ ಅಪರೂಪಕ್ಕೆ ತಿನ್ನುವುದು ಬೇರೆ, ಸಂಜೆಯ ಕಾಫಿಗೆ ದಿನವೂ ಕರಿದದ್ದು ಬೇಕೆನ್ನುವುದು ಬೇರೆ. ಊಟವಾದ ಮೇಲಿನ ತಾಂಬೂಲದ ಬಗ್ಗೆಯೂ ಒಂದು ಮಾತು: ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ವರ್ಗೀಕರಿಸಿದೆ. ಮೈಸೂರಿನ ಚಿಗುರೆಲೆಗೆ ಭೌಗೋಳಿಕ ಗುರುತು ಸಿಕ್ಕಿರುವುದು ಅದರೊಳಗೆ ಮಡಿಸುವ ಅಡಿಕೆಯನ್ನು ನಿರಪಾಯಗೊಳಿಸುವುದಿಲ್ಲ.

ಇಷ್ಟೆಲ್ಲ ಏಕೆ, ಬೇಕಾದ ಅಂಶವನ್ನು ಮಾತ್ರೆಯಾಗಿ ನುಂಗಬಾರದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಫಿನ್ಲೆಂಡಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಉತ್ತರ ಸಿಕ್ಕಿತು. ಕ್ಯಾರಟ್, ಸೊಪ್ಪು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿದ್ದರಿಂದ ಅವುಗಳಲ್ಲಿರುವ ಬೀಟಾ ಕ್ಯಾರೋಟಿನನ್ನು ಧೂಮಪಾನಿಗಳಿಗೆ ಮಾತ್ರೆಯಾಗಿ ಕೊಟ್ಟು ನೋಡಿದರು; ಎರಡು ಪ್ರಯೋಗಗಳಲ್ಲಿಯೂ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಸೊಪ್ಪಿನಲ್ಲಿ ಒಂದು ವಸ್ತುವಿನ ಜೊತೆ ಹಲವು ವಸ್ತುಗಳಿವೆ, ಸೊಪ್ಪು ತಿನ್ನುವವರ ಉಳಿದ ಬದುಕಿನ ರೀತಿಯೂ ಬೇರೆಯಿರುತ್ತದೆ. ಅದರಿಂದ ಒಂದನ್ನು ಕಿತ್ತು ತೆಗೆದು ಶೀಶೆಗೆ ತುಂಬಿದರೆ ಅದೇ ಫಲ ಬರುವುದೆಂಬ ಖಾತರಿಯಿಲ್ಲ. ರಕ್ತಹೀನತೆಗೆ ವೈದ್ಯರು ಕೊಡುವ ಕಬ್ಬಿಣದ ಮಾತ್ರೆ, ಗರ್ಭಿಣಿಯರ ಫೋಲಿಕ್ ಆಮ್ಲ, ಸಸ್ಯಾಹಾರಿಗಳಲ್ಲಿ ಕೊರತೆ ಕಂಡಾಗ ಕೊಡುವ ಬಿ12 ಇವು ಚಿಕಿತ್ಸೆ. ಅವುಗಳ ವಿಷಯ ಬೇರೆ.

ಈ ಸಲಹೆಗಳು ಆರೋಗ್ಯವಂತರಿಗೆ, ಅಥವಾ ಕಾಯಿಲೆಯ ಅಂಚಿನಲ್ಲಿರುವವರಿಗೆ ಹೇಳಿದವು. ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಆದ್ದರಿಂದ ಅವರಿಗೆ ತರಕಾರಿ-ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರನ್ನು ಚೆಲ್ಲಿ ತಿನ್ನಲು ಹೇಳುತ್ತಾರೆ. ಬಸ್ಸಾರಿನಲ್ಲಿ ಉಳಿಸಿಕೊಳ್ಳುವುದೇ ಆ ನೀರನ್ನು. ಸೋಡಿಯಂ ಕಡಿಮೆಯಿರುವ ಉಪ್ಪೂ ಎಳನೀರೂ ಅವರಿಗೆ ವೈದ್ಯರನ್ನು ಕೇಳದೆ ಸಲ್ಲವು. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗೆ ಸೊಪ್ಪಿನ ಕೆ ಜೀವಸತ್ವ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಅವರು ಸೊಪ್ಪನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ತಿಂದು ಇನ್ನೊಂದು ವಾರ ಮುಟ್ಟದಿರುವಂತೆ ಮಾಡದೆ ಪ್ರಮಾಣವನ್ನು ಸಮನಾಗಿ ಇಟ್ಟುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ನಾಳೆಯಿಂದಲೇ ಮುದ್ದೆಯನ್ನು ಅರ್ಧಕ್ಕೆ ಇಳಿಸಿದರೆ ಹಳೆಯ ಪ್ರಮಾಣದ ಔಷಧಕ್ಕೆ ಸಕ್ಕರೆ ತೀರ ಕುಸಿದು ಬೆವರಿ, ನಡುಗಿ, ಎಚ್ಚರ ತಪ್ಪುವ ಅಪಾಯವಿದೆ. ಅವರು ಊಟವನ್ನು ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ ಔಷಧದ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.